ಹೆಗಲ ಮೇಲೆ ವಾಲ್ವ್ ಕೀಲಿ, ಕೈಯಲ್ಲಿ ರಸೀದಿ ಪುಸ್ತಕ

ಗುಂಡ್ಲುಪೇಟೆಯಲ್ಲಿ ನೀರು ಬಿಡುವ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ನನ್ನನ್ನು ನೋಡಲು ಮನೆಗೆ ಬಂದಿದ್ದರು. ಹಳಬರನ್ನು ಒಮ್ಮೆ ಕಂಡು ಬನ್ನಿ ಎಂದು ಯಾರೋ ಹೇಳಿ ಕಳಿಸಿದ್ದರಂತೆ. ಕಾಫಿ ಕುಡಿಯುತ್ತ ಅವರಲ್ಲೊಬ್ಬ, "ಈ ಕೆಲ್ಸದಲ್ಲಿ ಕಲಿಯಕೆ ಏನದೆ ಸಾರ್? ಕೀಲಿ ಆಕದು, ತಿರುಗ್ಸದು, ಅಷ್ಟೇ ಅಲ್ವಾ?" ಅಂದ. ನನಗೆ ಮೈ ಉರಿದುಹೋಯಿತು. ಮೂವತ್ತೈದು ವರ್ಷ ಮಾಡಿದ ಕೆಲಸವನ್ನು ಆತ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಮುಗಿಸಿಬಿಟ್ಟಿದ್ದ. ಅವತ್ತು ನಾನು ಏನೂ ಹೇಳಲಿಲ್ಲ. ಬಾಯಿ ತೆರೆದರೆ ಬೈದೇಬಿಡುತ್ತೇನೆ ಎಂದು ನನಗೇ ಗೊತ್ತು. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾನು ಯಾವಾಗ ಕಾಯಂ ಆದೆ, ಯಾವಾಗ ಬಡ್ತಿ ಬಂತು ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ? ಕೆಲಸದ ವಿಷಯ ಹೇಳುತ್ತೇನೆ. ಕಬಿನಿ ಕಡೆಯಿಂದ ಬರುವ ನೀರು ಊರಿನ ಮೇಲಿನ ಟ್ಯಾಂಕಿಗೆ ಸೇರುತ್ತದೆ. ಅಲ್ಲಿಂದ ಬೀದಿ ಬೀದಿಗೂ ಸರದಿಯ ಮೇಲೆ ಬಿಡಬೇಕು. ಪ್ರತಿ ಬೀದಿಯ ಬಾಯಲ್ಲಿ ನೆಲದೊಳಗೆ ಒಂದು ವಾಲ್ವ್ ಇರುತ್ತದೆ. ಎದೆಯುದ್ದದ ಕಬ್ಬಿಣದ ಕೀಲಿಯನ್ನು ಅದಕ್ಕೆ ತಗುಲಿಸಿ ತಿರುಗಿಸಬೇಕು. ಎಷ್ಟು ಸುತ್ತು ಎನ್ನುವುದರಲ್ಲಿದೆ ಕಸುಬು. ತಗ್ಗಿನ ಬೀದಿಗೆ ಎಂಟು ಸುತ್ತು ಸಾಕು, ಏರಿನ ಬೀದಿಗೆ ಹದಿನೆಂಟು ಬೇಕು. ತಗ್ಗಿನವರಿಗೆ ಒಂದು ಸುತ್ತು ಹೆಚ್ಚು ಕೊಟ್ಟಿರೋ, ಏರಿನ ಕೊನೆಯ ಮನೆಯವರ ಕೊಳಾಯಿ ಬರೀ ಗಾಳಿ ಬಿಡುತ್ತದೆ. ಕೀಲಿಯ ಹಿಡಿಗೆ ಕಿವಿಯಿಟ್ಟರೆ ಒಳಗೆ ನೀರು ಓಡುವ ಸದ್ದು ಕೇಳುತ್ತದೆ. ಆ ಸದ್ದಿನಿಂದಲೇ ಎಲ್ಲಿ ಪೈಪು ಒಡೆದಿದೆ, ಯಾರು ಕದ್ದು ಮೋಟಾರು ಹಾಕಿದ್ದಾರೆ ಎಂದು ನಾನು ಹೇಳಬಲ್ಲವನಾಗಿದ್ದೆ. ಹೇಳಿ ಜಗಳ ಕಟ್ಟಿಕೊಂಡದ್ದೂ ಉಂಟು.

ನನಗೆ ಈ ವಿದ್ಯೆ ಕಲಿಸಿದವರು ಓವರ್‌ಸಿಯರ್ ಸಂಜೀವಯ್ಯನವರು. ಕಡ್ಡಿಯಂಥ ಮನುಷ್ಯ, ಗಂಟಲು ಮಾತ್ರ ಆಳೆತ್ತರ. ಮೊದಲ ದಿನವೇ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, "ನೋಡ್ಲಾ ಮಾದೇವ, ನೀರು ಬುಡಕ್ಕೋದ ಬೀದೀಲಿ ಯಾರ ಮನೆ ಕಾಪಿನೂ ಕುಡೀಬ್ಯಾಡ. ಬಾಯಾರುದ್ರೆ ಕೊನೇ ಮನೆ ಕೊಳಾಯಿಗೆ ಬೊಗಸೆ ಒಡ್ಡು. ಅಲ್ಲಿ ನಿಂಗೆ ನೀರು ಸಿಕ್ತು ಅಂದ್ರೆ ಬೀದಿಗೆಲ್ಲಾ ಸಿಕ್ತು ಅಂತ ತಿಳ್ಕ," ಅಂದರು. ಅದನ್ನು ನಾನು ಕೊನೆಯವರೆಗೂ ಬಿಡಲಿಲ್ಲ. ಬೇಸಗೆಯಲ್ಲಿ ಜನ ಮಜ್ಜಿಗೆ ಹಿಡಿದುಕೊಂಡು ಹಿಂದೆ ಬರುತ್ತಿದ್ದರು, ನಾನು ಓಡುತ್ತಿದ್ದೆ. ನೆಂಟರಿಷ್ಟರು ನನ್ನನ್ನು ಗರ್ವಿ ಅಂದರು. ಅನ್ನಲಿ. ಮಾದೇವ ಸರದಿ ಮಾರಿಕೊಳ್ಳುವವನಲ್ಲ ಎಂದು ಊರಲ್ಲಿ ಒಂದು ಮಾತಿತ್ತು. ನಾನು ಗಳಿಸಿದ ಆಸ್ತಿ ಅದೊಂದೇ.

ಇನ್ನು ಪಾರ್ಕಿನ ರೇಡಿಯೋ ಮಂಟಪದ ವಿಷಯ. ಈಗಿನವರಿಗೆ ಅದರ ಮಹಿಮೆ ಗೊತ್ತಿಲ್ಲ. ಮನೆಮನೆಗೆ ರೇಡಿಯೋ ಇಲ್ಲದ ಕಾಲದಲ್ಲಿ ಊರಿಗೆಲ್ಲ ಒಂದೇ ರೇಡಿಯೋ ಇರಲಿ ಎಂದು ಕಟ್ಟಿಸಿದ್ದು ಅದು. ಎಂಟು ಕಲ್ಲುಕಂಬ, ಮೇಲೆ ಗಾರೆಯ ಗುಮ್ಮಟ, ನಡುವೆ ಕಬ್ಬಿಣದ ಜಾಲರಿ ಹೊಡೆದ ಪುಟ್ಟ ಗೂಡು. ಗೂಡಿನೊಳಗೆ ಬೀಗ ಹಾಕಿದ ರೇಡಿಯೋ, ನಾಲ್ಕು ದಿಕ್ಕಿಗೆ ನಾಲ್ಕು ಹಾರನ್ನು. ಸಂಜೆ ವಾರ್ತೆ ಬರುತ್ತಿತ್ತು, ಆಮೇಲೆ ರೈತರಿಗೆ ಸಲಹೆ, ಆಮೇಲೆ ಚಿತ್ರಗೀತೆ. ರೇಡಿಯೋ ನಿಲ್ಲಿಸಿದ ಮೇಲೆ ಸಂಜೀವಯ್ಯನವರು ಅದೇ ಹಾರನ್ನಿಗೆ ಮೈಕು ತಗುಲಿಸಿ, ನಾಳೆ ಯಾವ ಬೀದಿಗೆ ನೀರು, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಬಂದ್ ಎಂದು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಹೇಳಿದ್ದಕ್ಕಿಂತ ಐದು ನಿಮಿಷ ಮೊದಲು ನೀರು ನಿಂತರೆ ಬೀದಿಯ ಹೆಂಗಸರು ನಮ್ಮನ್ನು ಅಡ್ಡಹಾಕಿ ನಿಲ್ಲುತ್ತಿದ್ದರು. ಅದು ನ್ಯಾಯವಾಗಿಯೇ ಇತ್ತು.

ಆ ಮಂಟಪದಿಂದಲೇ ನನ್ನ ಮೊದಲ ದೊಡ್ಡ ಎಡವಟ್ಟು ಆಯಿತು. ಕೆಲಸಕ್ಕೆ ಸೇರಿ ಎರಡನೇ ವರ್ಷ. ಸಂತೆ ಮಾಳದ ತೊಟ್ಟಿ ತುಂಬಲಿ ಎಂದು ನೀರು ಬಿಟ್ಟು, ಹೊತ್ತು ಕಳೆಯಲೆಂದು ಪಾರ್ಕಿಗೆ ಹೋದೆ. ಕ್ರಿಕೆಟ್ಟಿನ ವೀಕ್ಷಕ ವಿವರಣೆ ಬರುತ್ತಿತ್ತು. ಕೂತೆ. ನಮ್ಮವರು ಗೆಲ್ಲುವ ಹಾಗಿದ್ದರು. ವಾಲ್ವ್ ಮರೆತೇ ಹೋಯಿತು. ಕಡೆಯ ವಿಕೆಟ್ಟು ಬಿದ್ದು ಎಲ್ಲರೂ ಕುಣಿಯುತ್ತಿರುವಾಗ ಪಾರ್ಕಿನ ಗೇಟಿನ ಮುಂದೆ ಚೆಂಡುಹೂವು ತೇಲಿಕೊಂಡು ಬಂತು. ಒಂದಲ್ಲ, ಬುಟ್ಟಿಗಟ್ಟಲೆ. ಸಂತೆಯ ಹೂವಿನವರ ಸರಕೆಲ್ಲ ರಸ್ತೆ ತುಂಬ ಹಳದಿಯಾಗಿ ಹರಿಯುತ್ತಿತ್ತು. ಹಿಂದೆಯೇ ಹೂವಿನವರು ಬಂದರು. ಸಂಜೀವಯ್ಯನವರು ನನ್ನ ಸಂಬಳ ಹಿಡಿಯಲಿಲ್ಲ, ಮೆಮೋ ಕೊಡಲಿಲ್ಲ. ಅವತ್ತು ಸಂಜೆ ಮೈಕನ್ನು ನನ್ನ ಕೈಗೆ ಕೊಟ್ಟು, "ನೀನು ಮಾಡುದ್ದ ನೀನೇ ಏಳು," ಅಂದರು. ಕ್ರಿಕೆಟ್ಟು ಕೇಳುತ್ತ ವಾಲ್ವ್ ಮರೆತೆ ಎಂದು ನಾನು ಊರಿಗೆಲ್ಲ ಹೇಳಿದೆ. ಮಾರನೆಯ ದಿನ ಯಾರೂ ಬೈಯಲಿಲ್ಲ, ಸ್ಕೋರೆಷ್ಟು ಎಂದು ವಿಚಾರಿಸಿದರು. ಆರು ತಿಂಗಳು ಹಾಗೆಯೇ ವಿಚಾರಿಸಿದರು.

ಕಾಲ ಕಳೆಯಿತು. ಸಂಜೀವಯ್ಯನವರು ನಿವೃತ್ತರಾದರು. ಟಿವಿ ಬಂತು, ಮೊಬೈಲು ಬಂತು. ನೀರಿನ ಸರದಿಯೂ ವಾಟ್ಸಾಪಿಗೆ ಹೋಯಿತು. ನಾನು ಒಂದು ಸಂದೇಶ ಹಾಕಿದರೆ ಕೆಳಗೆ ನಲವತ್ತು ಹೆಬ್ಬೆರಳು, ಮಧ್ಯೆ ಯಾರದೋ ಹುಟ್ಟುಹಬ್ಬದ ಕೇಕು. ಮಂಟಪದ ಕಡೆ ಯಾರೂ ನೋಡಲಿಲ್ಲ. ಗುಮ್ಮಟದಲ್ಲಿ ಅರಳಿ ಗಿಡ ಹುಟ್ಟಿತು, ಒಂದು ಕಂಬ ವಾಲಿತು, ಹಾರನ್ನುಗಳಲ್ಲಿ ಗುಬ್ಬಚ್ಚಿ ಗೂಡು ಕಟ್ಟಿತು.

ನನ್ನ ನೌಕರಿಯ ಕೊನೆಯ ವರ್ಷ ಎಂಜಿನಿಯರ್ ಶೈಲಜಾ ಮೇಡಂ ಎಂಬುವರು ನಮ್ಮ ಕಚೇರಿಗೆ ವರ್ಗವಾಗಿ ಬಂದರು. ಮಂಟಪ ಯಾರ ತಲೆಯ ಮೇಲಾದರೂ ಬೀಳುತ್ತದೆ, ಕೆಡವಿಬಿಡೋಣ ಎಂಬ ಟಿಪ್ಪಣಿ ಅವರ ಮೇಜಿಗೆ ಬಂದಿತ್ತು. ನನ್ನ ಕಣ್ಣಿಗೆ ಬಿದ್ದದ್ದೇ ತಡ, ನಾನು ಒಳಗೆ ನುಗ್ಗಿ ಕೂಗಾಡಿದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಅರ್ಧ ಖರ್ಚು ಊರಿನವರು ಹಾಕಿದರೆ ಇನ್ನರ್ಧ ಮಂಜೂರು ಮಾಡಿಸ್ತೀನಿ. ಯುಗಾದಿಯೊಳಗೆ ಆಗಬೇಕು. ಇಲ್ಲದಿದ್ದರೆ ನಾನು ಸಹಿ ಹಾಕಲೇಬೇಕಾಗುತ್ತೆ," ಅಂದರು. ಯಾರು ಕೂಡಿಸಬೇಕು ಎಂದು ಕೇಳಿದೆ. "ಊರಿನ ಪ್ರತಿ ಮನೆ ಬಾಗಿಲು ಗೊತ್ತಿರೋರು ನೀವೇ ಅಲ್ವಾ ಮಹದೇವಪ್ಪನವರೇ?" ಎಂದು ರಸೀದಿ ಪುಸ್ತಕ ಚಾಚಿದರು. ಕೂಗಾಡಿದವನು ನಾನೇ, ಪುಸ್ತಕ ಇಸಿದುಕೊಂಡೆ.

ಕೈ ಒಡ್ಡಿ ಅಭ್ಯಾಸವಿಲ್ಲದವನು ನಾನು. ಮೊದಲ ಎರಡು ದಿನ ಮಧ್ಯಾಹ್ನದ ಹೊತ್ತು ಹೋದೆ. ಗಂಡಸರು ಕೆಲಸಕ್ಕೆ ಹೋಗಿರುತ್ತಿದ್ದರು, ಹೆಂಗಸರು ಆಮೇಲೆ ಬನ್ನಿ ಅನ್ನುತ್ತಿದ್ದರು. ಆಗ ನನಗೊಂದು ಉಪಾಯ ಹೊಳೆಯಿತು. ಉಪಾಯ ಹೊಳೆದಾಗಲೆಲ್ಲ ನನಗೆ ಕೇಡು ಕಾದಿರುತ್ತದೆ, ಆದರೂ ಬುದ್ಧಿ ಬಂದಿರಲಿಲ್ಲ. ನೀರು ಬಿಡುವ ಬೆಳಿಗ್ಗೆ ಇಡೀ ಬೀದಿ ಕೊಳಾಯಿ ಮುಂದೆ ನಿಂತಿರುತ್ತದೆ. ಅದೇ ಹೊತ್ತಿಗೆ ಕೇಳಿದರೆ ಒಂದೇ ಓಟದಲ್ಲಿ ಬೀದಿ ಮುಗಿಯುತ್ತದಲ್ಲ! ಹೆಗಲ ಮೇಲೆ ವಾಲ್ವ್ ಕೀಲಿ, ಕೈಯಲ್ಲಿ ರಸೀದಿ ಪುಸ್ತಕ ಹಿಡಿದು ಹೊರಟೆ.

ಕೊಟ್ಟರು ನೋಡಿ! ಕೇಳುವುದಕ್ಕೆ ಮೊದಲೇ ಕೊಟ್ಟರು. ಯಾವತ್ತೂ ಬಾಗಿಲು ತೆರೆಯದವರು ಗೇಟಿನ ತನಕ ಬಂದು ಕೊಟ್ಟರು. ಅರಿಸಿನದ ಮಂಡಿಯ ಗುರುಮಲ್ಲಪ್ಪನವರು ಕೈಬಿಚ್ಚಿ ಕೊಡುವವರೇ ಅಲ್ಲ, ಅವರೂ ಬೆವರಿಗೆ ಹಣೆಯ ವಿಭೂತಿ ಅಳಿಸುವಷ್ಟು ಅವಸರದಲ್ಲಿ ಬಂದು ಮುಟ್ಟಿಸಿದರು. ನನ್ನ ಎದೆಯುಬ್ಬಿತು. ಊರಿಗೆ ಆ ಮಂಟಪದ ಮೇಲೆ ಎಷ್ಟು ಪ್ರೀತಿ ಎಂದು ಮೇಡಂ ಮುಂದೆ ಭಾಷಣವನ್ನೇ ಮಾಡಿದೆ. ಎರಡು ವಾರದಲ್ಲಿ ಮುಕ್ಕಾಲು ಪಾಲು ಕೂಡಿತ್ತು.

ಕೊನೆಗೆ ಉಳಿದದ್ದು ಏರಿನ ಬೀದಿ. ಅದರ ತುದಿಯ ಮನೆ ಪುಟ್ಟಮ್ಮಣ್ಣಿಯದು. ಬೆಳಗಾದರೆ ಬಸ್‌ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ನಾನು ಬೊಗಸೆ ಒಡ್ಡುತ್ತಿದ್ದ ಕೊನೆಯ ಮನೆಗಳಲ್ಲಿ ಅವಳದೂ ಒಂದು. ನನ್ನನ್ನು ಕಂಡರೆ ಸದಾ ಬೈಗುಳ, ನೀರು ಸಾಲದು ಎಂದು. ಅವತ್ತು ಬೈಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಮಡಿಸಿದ ನೋಟುಗಳನ್ನು ನನ್ನ ಕೈಗೆ ಹಾಕಿ, ದನಿ ತಗ್ಗಿಸಿ ಕೇಳಿದಳು:

"ಇನ್ನು ಎಸ್ಟೊತ್ತು ಬುಡ್ತೀಯಪ್ಪಾ?"

"ಏನ ಬುಡದು?"

"ನೀರ ಕಣ. ಗುರುಮಲ್ಲಪ್ಪನೋರ ಬೀದಿಗೆ ಅರ್ಧ ಗಂಟೆ ಜಾಸ್ತಿಯಂತೆ? ಎಲ್ಲಾರೂ ಕೊಟ್ಟೌರೆ, ನಾವೊಬ್ರೇ ಕೊಡ್ಲಿಲ್ಲ ಅಂದ್ರೆ ನಮ್ ಬೀದಿಗೆ ಇರದೂ ನಿಲ್ಸ್‌ಬುಡ್ತಾನೆ ಅಂದ್ರು. ನೀನು ಅಂತೋನಲ್ಲ ಅಂತ ನಾನೇ ಜಗಳ ಆಡ್ದೆ ಕಣಪ್ಪ. ಇವತ್ತು ನೋಡುದ್ರೆ ಪುಸ್ತಕನೇ ಇಡ್ಕಂಡು ಬಂದಿದ್ದೀಯ. ಓಗ್ಲಿ ಬುಡು, ಕಾಲ ಅಂಗದೆ."

ಎರಡು ವಾರ ಊರಿಡೀ ನನ್ನ ಕೈಗೆ ಹಾಕಿದ್ದು ಮಂಟಪದ ಚಂದಾ ಅಲ್ಲ, ನೀರಿನ ಲಂಚ. ನಾನು ಹಲ್ಲು ಕಿರಿದುಕೊಂಡು, ರಸೀದಿ ಹರಿದು, ಅದನ್ನು ತೆಗೆದುಕೊಂಡಿದ್ದೆ! ಅವಳ ಬೈಗುಳವಾದರೂ ಎಷ್ಟೋ ವಾಸಿಯಿತ್ತು. "ಓಗ್ಲಿ ಬುಡು" ಎಂಬ ಆ ಮಾತು ತಡೆದುಕೊಳ್ಳಲು ಆಗಲಿಲ್ಲ. ಮನೆಗೆ ಬಂದು ಊಟ ಮಾಡದೆ ಕೂತೆ. ಹೆಂಡತಿಗೆ ಹೇಳಿದರೆ, "ಕೀಲಿ ಇಡ್ಕಂಡು ಕಾಸು ಕೇಳುದ್ರೆ ಇನ್ನೇನು ಅಂದ್ಕತಾರೆ?" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಎಂಜಿನಿಯರಿಗೂ ನನಗೂ ಹೊಳೆಯದ್ದು ಅವಳಿಗೆ ಹೊಳೆದಿತ್ತು.

ಮಂಟಪ ಹೋದರೆ ಹೋಗಲಿ, ಹಣ ವಾಪಸು ಕೊಟ್ಟುಬಿಡುತ್ತೇನೆ ಎಂದು ನಿರ್ಧರಿಸಿದೆ. ಕೊಡುವುದು ಕೂಡಿಸುವುದಕ್ಕಿಂತ ಸುಲಭ ಎಂದುಕೊಂಡಿದ್ದೆ. ಮೊದಲಿಗೆ ಗುರುಮಲ್ಲಪ್ಪನವರ ಮಂಡಿಗೆ ಹೋದೆ.

"ತಕ್ಕಳಿ, ನಿಮ್ ದುಡ್ಡು," ಅಂದೆ.

ಅವರ ಮುಖ ಬಿಳಿಚಿತು. "ಯಾಕಯ್ಯಾ ಮಾದೇವ, ಕಮ್ಮಿ ಆಯ್ತಾ?"

"ಕಮ್ಮಿ ಜಾಸ್ತಿ ಅಲ್ಲ ಬುದ್ದಿ. ಇದು ನೀರಿಗಲ್ಲ, ರೇಡಿಯೋ ಮಂಟಪಕ್ಕೆ."

"ಗೊತ್ತು ಕಣಯ್ಯಾ. ಯಾವ್ದೋ ಒಂದಕ್ಕೆ ಅಂತ್ಲೇ ತಾನೇ ಎಲ್ಲಾರೂ ತಕ್ಕಳದು," ಎಂದು ಕಣ್ಣು ಮಿಟುಕಿಸಿ ಇನ್ನೊಂದು ನೋಟು ಸೇರಿಸಿ ನನ್ನ ಜೇಬಿಗೇ ತುರುಕಿದರು.

ಮುಂದಿನ ಬೀದಿಯಲ್ಲಿ ಅದಕ್ಕಿಂತ ಫಜೀತಿ. ನಾನು ಹಣ ಹಿಂದಿರುಗಿಸಲು ಬಂದಿದ್ದೇನೆಂದು ಕೇಳಿದ ಕೂಡಲೇ, ನಮ್ಮ ಬೀದಿಯನ್ನು ಸರದಿಯಿಂದ ಕೈಬಿಟ್ಟರು ಎಂದು ಗುಲ್ಲೆದ್ದಿತು. ಹೆಂಗಸರು ಇದ್ದಬದ್ದ ಪಾತ್ರೆಗಳಲ್ಲೆಲ್ಲ ನೀರು ಹಿಡಿಯಲು ಶುರು ಮಾಡಿದರು. ನಾಲ್ಕು ಮನೆಯವರು ಹಣ ಹಿಡಿದು ನನ್ನ ಬೆನ್ನು ಹತ್ತಿದರು. ಸಂಜೆ ಲೆಕ್ಕ ನೋಡಿದರೆ ಕೈಯಲ್ಲಿದ್ದ ಹಣ ಬೆಳಗಿನದಕ್ಕಿಂತ ಹೆಚ್ಚಾಗಿತ್ತು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಕೊನೆಗೆ ಅಮೀರ್ ಸಾಬರ ಅಂಗಡಿಗೆ ಹೋಗಿ ಕುಳಿತೆ. ಹಳೆಯ ಕಾಲದಲ್ಲಿ ಮಂಟಪದ ರೇಡಿಯೋ ರಿಪೇರಿ ಮಾಡುತ್ತಿದ್ದವರು ಅವರೇ. ಈಗ ಮದುವೆಗಳಿಗೆ ಮೈಕ್‌ಸೆಟ್ಟು ಬಾಡಿಗೆ ಕೊಡುತ್ತಾರೆ. ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, "ಮಾದೇವಣ್ಣಾ, ಒಬ್ಬೊಬ್ಬರಿಗೆ ಏಳುದ್ರೆ ಗುಟ್ಟು ಅಂದ್ಕತಾರೆ. ಎಲ್ಲಾರ್ಗೂ ಒಂದೇ ಸಲ ಏಳ್ಬುಡಿ. ಹೂವಿನ ಸಂತೆ ದಿನ ಏಳಿದ್ರಲ್ಲಾ, ಅಂಗೆ. ಮೈಕು ನಂದು," ಅಂದರು.

ಭಾನುವಾರ ಸಂಜೆ ಸಾಬರು ಮಂಟಪದ ಗಟ್ಟಿಯಾಗಿದ್ದ ಕಂಬಕ್ಕೆ ಒಂದು ಹಾರನ್ನು ಬಿಗಿದು, ಮನೆಯ ಹಳೆಯ ರೇಡಿಯೋ ತಂದು ಹಚ್ಚಿದರು. ಎಷ್ಟೋ ವರ್ಷದ ಮೇಲೆ ಪಾರ್ಕಿನಿಂದ ದನಿ ಕೇಳಿ ಜನ ಬೇಲಿಯ ಹತ್ತಿರ ಸೇರಿದರು. ರಾತ್ರಿ ಮುಚ್ಚುವ ಕಾಡುದಾರಿಯ ಗೇಟು ಬೆಳಗ್ಗೆ ತೆರೆದ ಮೇಲೆ ಹೊರಡೋಣ ಎಂದು ಉಳಿದುಕೊಂಡಿದ್ದ ಕೇರಳದ ಲಾರಿಯವರೂ ಬಂದು ಕುಳಿತರು. ನಾನು ಮೈಕು ಹಿಡಿದೆ.

"ನಾನು ನೀರಿನ ಮಾದೇವ. ತಪ್ಪು ಮಾಡಿದ್ದೀನಿ. ಕೀಲಿ ಹೊತ್ತುಕೊಂಡು ಬಂದು ನಿಮ್ಮನ್ನು ಚಂದಾ ಕೇಳಿದೆ. ನೀವು ಹೆದರಿ ಕೊಟ್ಟಿರಿ. ಯಾವ ಬೀದಿಗೆ ಎಷ್ಟು ಹೊತ್ತು ನೀರು ಅಂತ ಈಗ ಓದುತ್ತೀನಿ. ಕೊಟ್ಟವರಿಗೂ ಅಷ್ಟೇ, ಕೊಡದವರಿಗೂ ಅಷ್ಟೇ. ನಿಮ್ಮ ಹಣ ಇಲ್ಲೇ ಇದೆ. ರಸೀದಿ ತಂದು ತೆಗೆದುಕೊಂಡು ಹೋಗಿ. ಹಣ ಸಾಲದಿದ್ದರೆ ಈ ಮಂಟಪ ಕೆಡವುತ್ತಾರೆ, ಅದು ನಿಜ. ಆದರೆ ಅದಕ್ಕೂ ನೀರಿಗೂ ಸಂಬಂಧ ಇಲ್ಲ."

ಬೀದಿ ಬೀದಿಯ ಹೊತ್ತನ್ನು ಓದಿದೆ. ಓದಿ ಮುಗಿಸಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಎದ್ದು ಬಂದವಳು ಪುಟ್ಟಮ್ಮಣ್ಣಿ. ರಸೀದಿ ಮೇಜಿನ ಮೇಲಿಟ್ಟು ಹಣ ತೆಗೆದುಕೊಂಡಳು, ಎಣಿಸಿದಳು, ಸೆರಗಿಗೆ ಕಟ್ಟಿಕೊಂಡಳು. ಅವಳು ತೆಗೆದುಕೊಂಡದ್ದನ್ನು ನೋಡಿ ಉಳಿದವರಿಗೂ ಧೈರ್ಯ ಬಂತು. ಸಾಲು ಬೆಳೆಯಿತು. ಗುರುಮಲ್ಲಪ್ಪನವರು ಕೂಡ ಬಂದು ಜೇಬಿಗೆ ತುರುಕಿದ್ದರ ಸಮೇತ ತೆಗೆದುಕೊಂಡರು. ನನ್ನ ಮುಂದಿನ ಚೀಲ ಬರಿದಾಗುತ್ತ ಬಂತು. ಮಂಟಪ ಹೋಯಿತು ಎಂದುಕೊಂಡೆ. ಸಂಕಟವಾಯಿತು, ನಿಜ. ಆದರೆ ಎರಡು ದಿನದಿಂದ ಇಳಿಯದಿದ್ದ ಅನ್ನ ಇವತ್ತು ಇಳಿಯುತ್ತದೆ ಎಂದೂ ಅನ್ನಿಸಿತು.

ಸಾಬರು ರೇಡಿಯೋ ದನಿ ಏರಿಸಿದರು. ಹಳೆಯ ಹಾಡುಗಳು ಬರುತ್ತಿದ್ದವು. ಹಣ ತೆಗೆದುಕೊಂಡವರು ಮನೆಗೆ ಹೋಗಲಿಲ್ಲ, ಅಲ್ಲಲ್ಲೇ ಹುಲ್ಲಿನ ಮೇಲೆ ಕುಳಿತರು. ಪುಟ್ಟಮ್ಮಣ್ಣಿ ಮಂಟಪದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. ನಾಲ್ಕು ಹಾಡು ಮುಗಿದ ಮೇಲೆ ಎದ್ದು ಬಂದು ಸೆರಗಿನ ಗಂಟನ್ನು ಮತ್ತೆ ಬಿಚ್ಚಿದಳು.

"ತಕ್ಕ. ಬರ್ಕ."

"ಯಾಕವ್ವ? ನೀರು ಜಾಸ್ತಿ ಬುಡಲ್ಲ ಕಣವ್ವ, ಏಳಿದ್ನಲ್ಲ."

"ನಿನ್ ನೀರಿಗೆ ಬೆಂಕಿ ಆಕ. ನೀರ ಬುಡದು ನಿನ್ ಕೆಲ್ಸ, ಅದಕ್ಯಾಕೆ ನಾನು ಕಾಸು ಕೊಡ್ಲಿ? ಆಗ ಎಣ್ಮಕ್ಕಳು ಪಾರ್ಕಿನೊಳಗೆ ಕೂರಂಗಿತ್ತಾ? ಬೇಲಿಯಾಚೆ ನಲ್ಲಿ ತಾವು ಕೊಡ ಇಟ್ಕಂಡು ನಿಂತ್ಕಂಡೇ ಹಾಡು ಕೇಳ್ತಿದ್ದೊ. ಕೊಡ ತುಂಬುದ್ರೆ ಅರ್ಧ ಹಾಡ ಬುಟ್ಟು ಓಗ್ಬೇಕಿತ್ತು. ಒಳಗೆ ಕುಂತ್ಕಂಡು ಪೂರ್ತಿ ಕೇಳಿದ್ದು ಇವತ್ತೇ ಕಣ. ಇದು ಹಾಡಿಗೆ. ಅಂಗೇ ಅಂತ ಬರ್ಕ."

ಹಾಗೆಯೇ ಬರೆದೆ. ರಸೀದಿಯಲ್ಲಿ "ಬಾಬ್ತು" ಎಂದಿದ್ದ ಕಡೆ "ಹಾಡಿಗೆ" ಎಂದು ಬರೆದುಕೊಟ್ಟೆ. ಕಣ್ಣು ಮಂಜಾಗಿ ಅಕ್ಷರ ಸೊಟ್ಟಗಾಯಿತು. ಅವಳ ಹಿಂದೆ ಅವಳ ಬೀದಿಯ ಹೆಂಗಸರು ಬಂದರು, ಆಮೇಲೆ ಲಾರಿಯವರು, ಆಮೇಲೆ ಉಳಿದವರು. ಗುರುಮಲ್ಲಪ್ಪನವರು ಮೊದಲಿಗಿಂತ ಕಡಿಮೆ ಕೊಟ್ಟರು. ಅದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿತು. ಹೆದರಿ ಕೊಡುವಾಗಿನ ಲೆಕ್ಕ ಬೇರೆ, ಮನಸ್ಸಿಟ್ಟು ಕೊಡುವಾಗಿನ ಲೆಕ್ಕ ಬೇರೆ ಅಲ್ಲವೇ? ಒಟ್ಟು ಸ್ವಲ್ಪ ಸಾಲದೇ ಬಂತು. ಆಮೇಲೆ ಪ್ರತಿ ಭಾನುವಾರ ಸಾಬರು ರೇಡಿಯೋ ಹಚ್ಚಿದರು, ನಾನು ಕೀಲಿಯನ್ನು ಮನೆಯಲ್ಲಿಟ್ಟು ಬಂದು ಕುಳಿತೆ. ಯುಗಾದಿಗೆ ಹತ್ತು ದಿನ ಮೊದಲೇ ಅರ್ಧ ಖರ್ಚಿನ ಹಣ ಮೇಡಂ ಮೇಜಿನ ಮೇಲಿತ್ತು. ಕೆಡವುವ ಟಿಪ್ಪಣಿಯನ್ನು ಅವರು ನನ್ನೆದುರೇ ಹರಿದು ಹಾಕಿದರು.

ಉಮ್ಮತ್ತೂರಿನಿಂದ ಹಳೆಯ ಗಾರೆ ಕೆಲಸ ಬಲ್ಲ ವಯಸ್ಸಾದ ಮೇಸ್ತ್ರಿಯೊಬ್ಬರು ಬಂದರು. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಅರೆದು, ಗುಮ್ಮಟಕ್ಕೆ ಮೆತ್ತಿ ನುಣುಪು ಮಾಡಿದರು. ಆ ಬೆಲ್ಲದ ವಾಸನೆಗೆ ಪಾರ್ಕಿನ ತುಂಬ ಇರುವೆ, ಕೂತವರೆಲ್ಲ ತುರಿಸಿಕೊಳ್ಳುವುದೇ ಕೆಲಸವಾಯಿತು. ವಾಲಿದ ಕಂಬವನ್ನು ನಿಲ್ಲಿಸಿದರು. ಮೂರು ಹಾರನ್ನುಗಳನ್ನು ಸಾಬರು ತಗಡು ಬಡಿದು ಸರಿಮಾಡಿದರು, ನಾಲ್ಕನೆಯದರಲ್ಲಿ ಗುಬ್ಬಚ್ಚಿ ಮರಿ ಇದ್ದವು ಎಂದು ಅದನ್ನು ಮುಟ್ಟಲಿಲ್ಲ. ಇವತ್ತಿಗೂ ಮಂಟಪದಿಂದ ಮೂರೇ ದಿಕ್ಕಿಗೆ ಹಾಡು ಕೇಳುತ್ತದೆ.

ಮಂಟಪ ತೆರೆದ ಸಂಜೆ ನನ್ನ ನೌಕರಿಯ ಕೊನೆಯ ವಾರದಲ್ಲಿ ಬಂತು. ವಾರ್ತೆ, ಹಾಡು ಎಲ್ಲ ಆದ ಮೇಲೆ ನಾಳೆ ಏರಿನ ಬೀದಿಗೆ ನೀರು ಎಂದು ನಾನೇ ಮೈಕಿನಲ್ಲಿ ಹೇಳಿದೆ. ಮೆಟ್ಟಿಲ ಮೇಲಿದ್ದ ಪುಟ್ಟಮ್ಮಣ್ಣಿ ತಲೆಯಾಡಿಸಿದಳು.

ಬೆಳಗ್ಗೆ ಆ ಬೀದಿಯ ವಾಲ್ವಿಗೆ ಕೀಲಿ ಹಾಕಿದೆ. ಹೊಸಬರೇ, ನೀವು ಕಲಿಯಬೇಕಾದದ್ದು ಇಲ್ಲಿದೆ. ಹೆದರಿಸಿದವರಿಗೆ, ಆಸೆ ತೋರಿಸಿದವರಿಗೆ ಇಲ್ಲ ಎನ್ನುವುದು ನನಗೆ ಎಂದೂ ಕಷ್ಟವಾಗಿರಲಿಲ್ಲ. ಅವತ್ತು ಮಾತ್ರ ಕಷ್ಟವಾಯಿತು. ಹದಿನೆಂಟು ಸುತ್ತು ಮುಗಿದರೂ ಕೈ ಕೀಲಿಯನ್ನು ಬಿಡಲೊಲ್ಲದು. ಇನ್ನೊಂದೇ ಸುತ್ತು, ಯಾರಿಗೆ ಗೊತ್ತಾಗುತ್ತದೆ? ಆ ಬೀದಿಗೆ ಊರನ್ನೇ ಬರೆದುಕೊಡುವಷ್ಟು ಪ್ರೀತಿ ಉಕ್ಕಿ ಬಂದಿತ್ತು. ಹಿಡಿಗೆ ಕಿವಿಯಿಟ್ಟು ನೀರು ಏರಿನತ್ತ ಓಡುವ ಸದ್ದು ಕೇಳಿದೆ. ಆಮೇಲೆ ಕೀಲಿ ಎತ್ತಿ ಹೆಗಲಿಗೇರಿಸಿಕೊಂಡು ತುದಿಯ ಮನೆಯವರೆಗೆ ನಡೆದೆ.

ಪುಟ್ಟಮ್ಮಣ್ಣಿ ಕೊಳಾಯಿ ಕೆಳಗೆ ಕೊಡವಿಟ್ಟು ಕೂತಿದ್ದಳು. ನನ್ನನ್ನು ನೋಡಿದ್ದೇ ತಡ, "ಇವತ್ತೂ ಇಸ್ಟೇನೇನಪ್ಪಾ ಬುಡದು?" ಎಂದು ದನಿಯೆತ್ತಿದಳು.

"ಇಸ್ಟೇ ಕಣವ್ವಾ."

"ಅಂಗಾರೆ ಸರಿ," ಅಂದಳು, ನಕ್ಕಳು. ಆಮೇಲೆ ಹಿಂದಿನ ಸಂಜೆಯ ಹಾಡನ್ನು ಗುನುಗತೊಡಗಿದಳು. ಹಾಡು ಮುಗಿಯಿತು, ಅವಳು ಮತ್ತೆ ಮೊದಲಿನಿಂದ ಹಿಡಿದಳು. ಕೊಡ ತುಂಬಲು ಎಂದಿನಷ್ಟೇ ಹೊತ್ತು ಹಿಡಿಯಿತು.